ಬಾನುಲಿಯಲ್ಲಿ ಮಾತು ಯಾರದು?



1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಪ್ರೇಷಕಯಂತ್ರವೊಂದನ್ನು ಇರಿಸಿಕೊಂಡು ಪ್ರಸಾರಕಾರ್ಯವನ್ನು ಆರಂಭಿಸಿದರೆಂಬುದೂ, ಆ ಮನೆಯ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಎರಡು ದಶಕಗಳ ತರುವಾಯ ಇಡಿಯ ರಾಷ್ಟ್ರದ ಪ್ರಸಾರಸಂಸ್ಥೆಯ ಹೆಸರಾಯಿತೆಂಬುದೂ ತಮಗೆಲ್ಲ ತಿಳಿದ ಸಂಗತಿಗಳು. ಅಂದಿನಿಂದ ಕನ್ನಡ ಬಾನುಲಿಯು ಸಂಗೀತಕ್ಕೆ, ನಾಟಕಕ್ಕೆ, ಕೃಷಿಜ್ಞಾನದ ಪ್ರಸಾರಕ್ಕೆ ಸಲ್ಲಿಸಿದ ಸೇವೆಯನ್ನು ಕುರಿತು ವಿದ್ವಾಂಸರು ಹಲವು ವೇದಿಕೆಗಳಲ್ಲಿ ಮಾತನಾಡಿದ್ದಾರೆ. ಆ ದೊಡ್ಡ ಚರಿತ್ರೆಯನ್ನು ನಾನಿಲ್ಲಿ ಮತ್ತೆ ಬಿಚ್ಚುವುದಿಲ್ಲ. ಸುದ್ದಿಯೂ ಅಲ್ಲದ, ನಾಟಕವೂ ಅಲ್ಲದ, ಭಾಷಣವೂ ಅಲ್ಲದ ಒಂದು ಪ್ರಕಾರ ಬಾನುಲಿಯಲ್ಲಿ ಉಂಟು. ನಿಜವಾದ ಜನರ ಮಾತನ್ನೂ, ಅವರು ಬಾಳುವ ಸ್ಥಳದ ಸದ್ದುಗಳನ್ನೂ, ಲೇಖಕನ ವಾಕ್ಯವನ್ನೂ, ಅಗತ್ಯವಿದ್ದಲ್ಲಿ ಸಂಗೀತವನ್ನೂ ಹೆಣೆದು ಒಂದು ಸತ್ಯಕಥೆಯನ್ನು ಕಟ್ಟುವ ಈ ಕಲೆಯನ್ನು ನಮ್ಮ ನಿಲಯಗಳವರು ರೂಪಕವೆಂದು ಕರೆಯುತ್ತ ಬಂದಿದ್ದಾರೆ. ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಅದರ ಗತಿಯನ್ನು.

ಈ ಕಲೆಯು ಮಾರ್ಪಡುತ್ತಿರುವುದನ್ನು ಯಂತ್ರಗಳ ಹೆಸರಿನಿಂದ ಎಣಿಸುವುದು ವಾಡಿಕೆ. ಧ್ವನಿತಟ್ಟೆ ಹೋಗಿ ಟೇಪು ಬಂದಿತು, ಟೇಪು ಹೋಗಿ ಕಂಪ್ಯೂಟರು ಬಂದಿತು, ಹಜಾರದ ರೇಡಿಯೋ ಪೆಟ್ಟಿಗೆಯ ಸ್ಥಾನವನ್ನು ಜೇಬಿನ ಮೊಬೈಲು ಆಕ್ರಮಿಸಿತು ಎಂಬಂತೆ. ನನಗಾದರೋ ಈ ಎಣಿಕೆಯ ಹಿಂದೆ ನಡೆದಿರುವ ಇನ್ನೊಂದು ಕ್ರಿಯೆಯೇ ಹೆಚ್ಚು ವಿಚಾರಾರ್ಹವೆಂದು ತೋರುತ್ತದೆ. ಯಂತ್ರವು ಬದಲಾದಾಗಲೆಲ್ಲ ಕಥೆಯನ್ನು ಹೇಳುವ ಅಧಿಕಾರವು ಒಬ್ಬರಿಂದ ಮತ್ತೊಬ್ಬರಿಗೆ ದಾಟಿದೆ: ಮೊದಲು ಲೇಖಕನಲ್ಲಿದ್ದುದು ಶ್ರಮಜೀವಿಗೆ ಬಂದಿತು, ಅಲ್ಲಿಂದ ಧ್ವನಿಯನ್ನು ಕತ್ತರಿಸಿ ಜೋಡಿಸುವ ಸಂಯೋಜಕನಿಗೆ ಹೋಯಿತು, ಈಗ ಕಥೆಯ ನಡುವೆ ತನ್ನನ್ನೇ ನಿಲ್ಲಿಸಿಕೊಂಡ ನಿರೂಪಕನ ವಶದಲ್ಲಿದೆ. ಕನ್ನಡ ಬಾನುಲಿಯು ಈ ಪಯಣದ ಮೊದಲ ಹಂತದಲ್ಲಿ ಬಹುಕಾಲ ತಂಗಿದ್ದು, ನಡುವಣ ಹಂತಗಳನ್ನು ಬಹುಮಟ್ಟಿಗೆ ಮುಟ್ಟದೆಯೇ ಕೊನೆಯ ಹಂತಕ್ಕೆ ಬಂದುಬಿಟ್ಟಿದೆಯೆಂಬುದು ನನ್ನ ಅಭಿಪ್ರಾಯ. ಅದರಿಂದ ನಮಗಾದ ನಷ್ಟವೇನು, ಅದನ್ನು ತುಂಬಿಕೊಳ್ಳುವ ಬಗೆ ಯಾವುದು ಎಂಬುದನ್ನು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಬಾನುಲಿಯ ಆದಿಕಾಲದಲ್ಲಿ ಮಾತೆಲ್ಲವೂ ಬರೆದ ಮಾತು. ಇಂಗ್ಲೆಂಡಿನ ಬಿಬಿಸಿ ಸಂಸ್ಥೆಯಲ್ಲಿ 1930ರ ದಶಕದಲ್ಲಿ ಸಾಮಾನ್ಯರ ಬಾಳನ್ನು ಕುರಿತ ಕಾರ್ಯಕ್ರಮಗಳು ಇರಲಿಲ್ಲವೆಂದಲ್ಲ; ಆದರೆ ಕಾರ್ಮಿಕನೊಬ್ಬನನ್ನು ಕಂಡು, ಅವನಾಡಿದುದನ್ನು ಬರೆದುಕೊಂಡು, ತಿದ್ದಿ, ಬೆರಳಚ್ಚು ಮಾಡಿಸಿ, ಅನಂತರ ಅವನನ್ನೇ ನಿಲಯಕ್ಕೆ ಕರೆಯಿಸಿ ಅವನ ಮಾತನ್ನು ಅವನಿಂದಲೇ ಓದಿಸುವ ವಿಚಿತ್ರಪದ್ಧತಿಯೊಂದು ಅಲ್ಲಿ ರೂಢಿಯಲ್ಲಿತ್ತು. ಪ್ರಸಾರವೆಲ್ಲ ನೇರಪ್ರಸಾರವಾಗಿದ್ದ ಕಾಲದಲ್ಲಿ ಬರೆದುಕೊಳ್ಳದ ಮಾತು ಎಲ್ಲಿಗೆ ಒಯ್ದೀತೋ ಎಂಬ ಭಯ ಅದಕ್ಕೆ ಒಂದು ಕಾರಣ. ಹೊರಗೆ ಹೋಗಿ ಧ್ವನಿಯನ್ನು ಮುದ್ರಿಸಿಕೊಳ್ಳುವ ಸಾಧನಗಳು ಎತ್ತಲಾರದಷ್ಟು ಭಾರವಾಗಿದ್ದುದು ಇನ್ನೊಂದು. ಮ್ಯಾಂಚೆಸ್ಟರಿನ ಆಲಿವ್ ಶೇಪ್ಲಿ ಎಂಬ ನಿರ್ಮಾಪಕಿ ಹಲವು ಟನ್ ತೂಕದ ಮುದ್ರಣವಾಹನವೊಂದನ್ನು ಉತ್ತರ ಇಂಗ್ಲೆಂಡಿನ ಬೀದಿಗಳಿಗೆ ಒಯ್ದು, ಬಡವರ ಮನೆಯ ಬಾಗಿಲಿನಿಂದಲೇ ಅವರ ಮಾತನ್ನು ಹಿಡಿದು ತಂದರು. ಚಿಂತಕ ಎಂಗೆಲ್ಸ್ 1840ರ ದಶಕದಲ್ಲಿ ಕಂಡ ಮ್ಯಾಂಚೆಸ್ಟರಿನ ದಾರಿದ್ರ್ಯವನ್ನೂ ತಮ್ಮ ಕಾಲದ ದಾರಿದ್ರ್ಯವನ್ನೂ ಎದುರುಬದುರಾಗಿರಿಸಿದ ಅವರ ‘ದಿ ಕ್ಲಾಸಿಕ್ ಸಾಯಿಲ್’ 1939ರಲ್ಲಿ ಪ್ರಸಾರವಾಯಿತು. ಅದಕ್ಕೂ ಮೊದಲೇ, 1930ರಲ್ಲಿ, ಜರ್ಮನಿಯ ವಾಲ್ಟರ್ ರುಟ್‌ಮನ್ ಚಿತ್ರವಿಲ್ಲದ ಚಲನಚಿತ್ರಸುರುಳಿಯ ಮೇಲೆ ಧ್ವನಿಯನ್ನಷ್ಟೇ ಮುದ್ರಿಸಿ, ಬರ್ಲಿನ್ ನಗರದ ವಾರಾಂತ್ಯವನ್ನು ಹನ್ನೊಂದು ನಿಮಿಷಗಳಷ್ಟು ಅವಧಿಯಲ್ಲಿ ಅಡಕಮಾಡಿ ಕೇಳಿಸಿದ್ದರು. ಇವೆಲ್ಲ ಒಂಟಿ ಪ್ರಯತ್ನಗಳು. ಸಾಮಾನ್ಯವಾಗಿ ಸಿಂಹಾಸನವು ಲೇಖಕನದಾಗಿಯೇ ಉಳಿಯಿತು.

ಆ ಲೇಖಕಯುಗವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಕವಿ ಲೂಯಿ ಮ್ಯಾಕ್‌ನೀಸ್, ಡಿಲನ್ ಥಾಮಸ್, ಸ್ಯಾಮ್ಯುಯೆಲ್ ಬೆಕೆಟ್‌ರಂಥವರು ಕಿವಿಗಾಗಿಯೇ ಬರೆದ ಕಾಲ ಅದು. ನಮ್ಮಲ್ಲಿಯೂ ಧರ್ಮವೀರ ಭಾರತಿಯವರ ‘ಅಂಧಾಯುಗ’ವು ರಂಗಮಂಚಕ್ಕೆ ಏರುವ ಮುನ್ನ ಅಲಹಾಬಾದ್ ಆಕಾಶವಾಣಿಯಿಂದಲೇ ಜನರ ಗಮನಕ್ಕೆ ಬಂದಿತೆಂಬುದನ್ನು ಮರೆಯಲಾಗದು. ಮ್ಯಾಕ್‌ನೀಸ್ 1947ರಲ್ಲಿ ಬಿಬಿಸಿಯ ಪರವಾಗಿ ಭಾರತಕ್ಕೆ ಬಂದು, ಸ್ವಾತಂತ್ರ್ಯದ ಹರ್ಷವನ್ನೂ ವಿಭಜನೆಯ ಘೋರವನ್ನೂ ಕಣ್ಣಾರೆ ಕಂಡು, ಮರಳಿಹೋಗಿ ರೂಪಕಗಳನ್ನು ರಚಿಸಿದರು. ಕಂಡದ್ದನ್ನು ಕೇಳುಗರಿಗೆ ಮುಟ್ಟಿಸಲು ಅವರಿಗಿದ್ದ ಮುಖ್ಯ ಸಾಧನ ಭಾಷೆಯೇ. ಅದೇ ಕವಿ 1963ರಲ್ಲಿ ತಮ್ಮ ಕೊನೆಯ ಬಾನುಲಿ ನಾಟಕಕ್ಕೆ ಗುಹೆಯೊಳಗಣ ಧ್ವನಿ ನಿಜವಾಗಿ ಹೇಗಿರುವುದೆಂಬುದನ್ನು ಖಚಿತಪಡಿಸಿಕೊಳ್ಳಲು ತಂತ್ರಜ್ಞರೊಡನೆ ಯಾರ್ಕ್‌ಶೈರಿನ ಗವಿಗಳಿಗೆ ಇಳಿದು, ನೆನೆದು, ನ್ಯುಮೋನಿಯಾಕ್ಕೆ ತುತ್ತಾಗಿ, ನಾಟಕ ಪ್ರಸಾರವಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಶಬ್ದಗಳಿಂದಲೇ ಲೋಕವನ್ನು ಕಟ್ಟಬಲ್ಲವರಾಗಿದ್ದ ಕವಿಗೂ ಲೋಕದ ಸ್ವಂತ ಸದ್ದನ್ನು ಅರಸಿ ಹೋಗದೆ ಇರಲಾಗಲಿಲ್ಲ. ಕಾಲವೇ ಆ ದಿಕ್ಕಿಗೆ ತಿರುಗಿತ್ತು.

ಅದು ತಿರುಗಿದ ಬಗೆಯನ್ನು ಒಂದು ನಿದರ್ಶನದಿಂದ ತುಸು ವಿಸ್ತಾರವಾಗಿ ನೋಡೋಣ. 1957ರ ಫೆಬ್ರವರಿ 9ರಂದು ಇಂಗ್ಲೆಂಡಿನ ಡರ್ಬಿಶೈರಿನ ಬೆಟ್ಟದ ಹಾದಿಯಲ್ಲಿ ಸರಕುಗಾಡಿಯೊಂದರ ಎಂಜಿನ್ನಿನಲ್ಲಿ ಬ್ರೇಕಿಗೆ ಹಬೆಯನ್ನೊಯ್ಯುವ ಕೊಳವೆ ಒಡೆಯಿತು. ಚಾಲಕ ಜಾನ್ ಆ್ಯಕ್ಸನ್ ಜೊತೆಗಾರನಿಗೆ ಕೆಳಗೆ ಧುಮುಕುವಂತೆ ಹೇಳಿ, ತಾನು ಮಾತ್ರ ಮೈಸುಡುವ ಹಬೆಯ ನಡುವೆ ಎಂಜಿನ್ನನ್ನು ಬಿಡದೆ, ಇಳಿಜಾರಿನಲ್ಲಿ ತಡೆಯಿಲ್ಲದೆ ಧಾವಿಸುತ್ತಿದ್ದ ಗಾಡಿಯೊಡನೆಯೇ ಹೋಗಿ, ಮುಂದಿದ್ದ ಇನ್ನೊಂದು ಸರಕುಗಾಡಿಗೆ ಅದು ಅಪ್ಪಳಿಸಿದಾಗ ಮಡಿದನು. ಮರಣಾನಂತರ ಅವನಿಗೆ ಜಾರ್ಜ್ ಕ್ರಾಸ್ ಪದಕ ಸಂದಿತು. ಬಿಬಿಸಿಯ ಬರ್ಮಿಂಗ್‌ಹ್ಯಾಮ್ ಕೇಂದ್ರದ ನಿರ್ಮಾಪಕ ಚಾರ್ಲ್ಸ್ ಪಾರ್ಕರ್ ಈ ಪ್ರಸಂಗವನ್ನು ರೂಪಕವಾಗಿಸಬೇಕೆಂದು ಹಾಡುಗಾರ ಇವಾನ್ ಮೆಕಾಲ್‌ರನ್ನು ಕೇಳಿಕೊಂಡರು. ಮೊದಲಿನ ಉದ್ದೇಶ ಹಳೆಯ ಪದ್ಧತಿಯದೇ: ರೈಲ್ವೆ ಕೆಲಸಗಾರರನ್ನು ಕಂಡು ವಿಷಯಸಂಗ್ರಹ ಮಾಡುವುದು, ಅದನ್ನು ಆಧಾರವಾಗಿರಿಸಿ ಹಸ್ತಪ್ರತಿ ರಚಿಸುವುದು, ನಟರಿಂದ ಆಡಿಸುವುದು. ಇಬ್ಬರೂ ಹೊತ್ತೊಯ್ಯಬಹುದಾದ ಟೇಪ್ ರೆಕಾರ್ಡರಿನೊಡನೆ ಹೊರಟು, ಆ್ಯಕ್ಸನ್ನನ ಸಂಗಡಿಗರೊಡನೆಯೂ ಅವನ ವಿಧವೆಯೊಡನೆಯೂ ಮಾತನಾಡಿ, ನಲವತ್ತು ಗಂಟೆಗಳಿಗೂ ಮಿಗಿಲಾದ ಧ್ವನಿಯನ್ನು ಹೊತ್ತು ಹಿಂದಿರುಗಿದರು. ಮೆಕಾಲ್ ಅದನ್ನು ಮತ್ತೆ ಮತ್ತೆ ಕೇಳುತ್ತ ಕುಳಿತಾಗ, ಈ ಜನರ ವಾಕ್ಯದ ಲಯವನ್ನೂ ಅವರ ಉಪಮೆಗಳ ಹೊಳಪನ್ನೂ ಉಸಿರಿನ ತಡೆತವನ್ನೂ ಯಾವ ನಟನೂ ಮರುಸೃಷ್ಟಿಸಲಾರನೆಂಬುದು ಅವರಿಗೆ ಮನದಟ್ಟಾಯಿತು. ನಟರನ್ನು ಕೈಬಿಟ್ಟರು, ನಿರೂಪಕನನ್ನೂ ಕೈಬಿಟ್ಟರು. ಪೆಗಿ ಸೀಗರ್ ಅವರ ಸಂಗೀತನಿರ್ವಹಣೆಯಲ್ಲಿ, ಹಾಡುಗಳ ನಡುನಡುವೆ ರೈಲ್ವೆಯವರ ಸ್ವಂತ ಮಾತುಗಳೇ ಕಥೆಯನ್ನು ನಡೆಯಿಸುವ ‘ದಿ ಬ್ಯಾಲಡ್ ಆಫ್ ಜಾನ್ ಆ್ಯಕ್ಸನ್’ 1958ರ ಜುಲೈ 2ರಂದು ಪ್ರಸಾರವಾಯಿತು.

ಇದೇ ಮೂವರು 1964ರವರೆಗೆ ಇಂಥ ಎಂಟು ಲಾವಣಿರೂಪಕಗಳನ್ನು ನಿರ್ಮಿಸಿದರು. ಹೆದ್ದಾರಿ ಕಟ್ಟುವವರು, ಮೀನುಗಾರರು, ಕಲ್ಲಿದ್ದಲ ಗಣಿಯವರು, ಪೋಲಿಯೋ ಪೀಡಿತರು, ಹದಿಹರೆಯದವರು, ಮುಷ್ಟಿಕಾಳಗದವರು, ಅಲೆಮಾರಿಗಳು ಅವುಗಳಲ್ಲಿ ಮಾತನಾಡಿದ್ದಾರೆ. ಮೀನುಗಾರರನ್ನು ಕುರಿತ ‘ಸಿಂಗಿಂಗ್ ದಿ ಫಿಶಿಂಗ್’ಗೆ 1960ರಲ್ಲಿ ಪ್ರೀ ಇಟಾಲಿಯಾ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. ಇಂದು ಕೇಳುವಾಗ ಹಾಡುಗಳಲ್ಲಿ ಕೆಲವು ಭಾರವೆನಿಸುತ್ತವೆ, ವಾದ್ಯಗಳು ಒಮ್ಮೊಮ್ಮೆ ಮಾತಿನ ಮೇಲೆ ಏರಿಹೋಗುತ್ತವೆ. ಆ ಶ್ರಮಜೀವಿಗಳ ದನಿಗೆ ಮಾತ್ರ ಮುಪ್ಪು ತಟ್ಟಿಲ್ಲ. ಒಬ್ಬ ಮನುಷ್ಯನು ತಾನು ಮಾಡುವ ಕೆಲಸವನ್ನು ಕುರಿತು, ತನ್ನನ್ನು ಗೌರವದಿಂದ ಆಲಿಸುವವರೆದುರು, ತನ್ನ ಊರಿನ ನುಡಿಯಲ್ಲಿ ಮಾತನಾಡುವಾಗ ತಾನಾಗಿಯೇ ಹುಟ್ಟುವ ಸಾಹಿತ್ಯಗುಣವೊಂದು ಉಂಟು. ಅದನ್ನು ಕಂಡುಕೊಂಡುದೇ ಈ ಕಲೆಯ ಇತಿಹಾಸದಲ್ಲಿ ನಡೆದ ಅತಿದೊಡ್ಡ ಪಲ್ಲಟವೆಂದು ನಾನು ತಿಳಿದಿದ್ದೇನೆ.

ಮುಂದಿನ ಹಂತ ಸಂಯೋಜಕನದು. ಕೆನಡಾದ ಪ್ರಖ್ಯಾತ ಪಿಯಾನೋವಾದಕ ಗ್ಲೆನ್ ಗೂಲ್ಡ್ 1967ರ ಡಿಸೆಂಬರಿನಲ್ಲಿ ‘ದಿ ಐಡಿಯಾ ಆಫ್ ನಾರ್ತ್’ ಎಂಬ ರೂಪಕವನ್ನು ಪ್ರಸಾರಮಾಡಿದರು. ಕೆನಡಾದ ಹಿಮಾವೃತ ಉತ್ತರಪ್ರದೇಶದಲ್ಲಿ ಬಾಳಿ ಬಂದ ಐವರ ಮಾತುಗಳನ್ನು ಪ್ರತ್ಯೇಕ ಪ್ರತ್ಯೇಕವಾಗಿ ಮುದ್ರಿಸಿಕೊಂಡು, ಬಾಕ್‌ನ ಫ್ಯೂಗ್ ಎಂಬ ಸಂಗೀತರಚನೆಯಲ್ಲಿ ಸ್ವರಧಾರೆಗಳು ಒಂದರ ಮೇಲೊಂದು ಹರಿಯುವಂತೆ ಅವುಗಳನ್ನು ಒಂದರೊಳಗೊಂದು ಹರಿಯಬಿಟ್ಟು, ಕೆಳಗೆ ಓಡುವ ರೈಲಿನ ಸದ್ದನ್ನು ಶ್ರುತಿಯಂತೆ ಹಿಡಿದರು. ಐವರು ಒಂದು ರೈಲುಡಬ್ಬಿಯಲ್ಲಿ ಕುಳಿತು ಸಂಭಾಷಿಸುತ್ತಿರುವಂತೆ ನಮಗೆ ಕೇಳಿಸುತ್ತದೆ. ಆ ಸಂಭಾಷಣೆ ನಡೆದದ್ದು ಮಾತ್ರ ಟೇಪಿನ ಮೇಲೆ, ಕತ್ತರಿಯ ಬಾಯಲ್ಲಿ. ಇಲ್ಲಿ ಒಂದು ಧರ್ಮಸೂಕ್ಷ್ಮವೇಳುತ್ತದೆ. ಒಬ್ಬನು ಆಡಿದ ಮಾತನ್ನು ಅವನು ಆಡದ ಸಂದರ್ಭದಲ್ಲಿ ಕೂರಿಸುವುದು ಸರಿಯೆ? ಮಾತಿನ ಅರ್ಥವನ್ನು ತಿರುಚದೆ ಅದರ ನಾದಕ್ಕೆ ಹೊಸ ನೆರೆಯನ್ನು ಒದಗಿಸುವುದು ಕಲೆಗೆ ಸಲ್ಲುವ ಸ್ವಾತಂತ್ರ್ಯ. ಅರ್ಥವೇ ವ್ಯತ್ಯಾಸವಾದರೆ ಅದು ವಂಚನೆ. ಗೂಲ್ಡ್ ಆ ಗೆರೆಯ ಬಳಿಯಲ್ಲಿಯೇ ನಡೆದರೂ ಅದನ್ನು ದಾಟಲಿಲ್ಲವೆಂದು ನನ್ನ ನಂಬಿಕೆ. ಬರ್ಲಿನ್ನಿನ ಪೀಟರ್ ಲಿಯೋನಾರ್ಡ್ ಬ್ರೌನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ಟೀರಿಯೋ ಮುದ್ರಣವನ್ನು ನಿಲಯದಿಂದ ಹೊರಗೆ ತಂದು, 1973ರಲ್ಲಿ ಯುರೋಪಿನ ಗಂಟೆಗಳನ್ನೇ ಕಥಾನಾಯಕರನ್ನಾಗಿಸಿದರು. ಪ್ರಾರ್ಥನೆಗೆ ಕರೆಯುತ್ತಿದ್ದ ಚರ್ಚಿನ ಗಂಟೆಗಳನ್ನು ಯುದ್ಧಕಾಲದಲ್ಲಿ ಕರಗಿಸಿ ಫಿರಂಗಿಗಳಾಗಿ ಎರಕಹೊಯ್ದ ಖಂಡದ ಇತಿಹಾಸವೆಲ್ಲ ಲೋಹದ ನಾದದಲ್ಲಿಯೇ ಅಲ್ಲಿ ನಿರೂಪಿತವಾಗಿದೆ.

ಭಾರತಕ್ಕೆ ಬರೋಣ. ನಮ್ಮಲ್ಲಿ ಪ್ರತಿಭೆಗೆ ಬಡತನವಿರಲಿಲ್ಲ. 1948ರಲ್ಲಿ ಗಾಂಧೀಜಿಯವರ ಅಂತಿಮಯಾತ್ರೆಯನ್ನು ಗಂಟೆಗಟ್ಟಲೆ ವರ್ಣಿಸಿ ದೇಶಕ್ಕೆ ದೇಶವೇ ಅಳುವಂತೆ ಮಾಡಿದ ಮೆಲ್ವಿಲ್ ಡಿ ಮೆಲ್ಲೊ, ಗಿರ್ ಅರಣ್ಯದ ಸಿಂಹಗಳನ್ನು ಕುರಿತ ತಮ್ಮ ಸಾಕ್ಷ್ಯರೂಪಕಕ್ಕೆ 1964ರಲ್ಲಿ ಪ್ರೀ ಇಟಾಲಿಯಾ ಪ್ರಶಸ್ತಿಯನ್ನು ತಂದರು. ಕಲ್ಕತ್ತೆಯ ನಿಲಯವು 1930ರ ದಶಕದ ಆರಂಭದಿಂದ ಮಹಾಲಯ ಅಮಾವಾಸ್ಯೆಯ ಬೆಳಗಿನ ಜಾವ ಪ್ರಸಾರಮಾಡುತ್ತ ಬಂದ ‘ಮಹಿಷಾಸುರಮರ್ದಿನಿ’ಯಲ್ಲಿ ಬೀರೇಂದ್ರಕೃಷ್ಣ ಭದ್ರರ ಚಂಡೀಪಾಠವನ್ನು ತೆಗೆದು, 1976ರಲ್ಲಿ ಜನಪ್ರಿಯ ಚಿತ್ರನಟ ಉತ್ತಮಕುಮಾರರ ಧ್ವನಿಯನ್ನು ಕೇಳಿಸಿದಾಗ ಬಂಗಾಳವೆಲ್ಲ ಕೆರಳಿತು, ಹಳೆಯ ಧ್ವನಿಯನ್ನೇ ಮರಳಿ ತರಬೇಕಾಯಿತು. ಒಂದು ದನಿಯ ಮೇಲೆ ಕೇಳುಗರು ತಮ್ಮ ಹಕ್ಕನ್ನು ಸ್ಥಾಪಿಸಿದ ಇಂಥ ಪ್ರಸಂಗ ಬೇರೆಲ್ಲಿಯೂ ವಿರಳ.

ಕನ್ನಡದ ಸಂಗತಿಯಂತೂ ವಿಶೇಷವಾದುದು. ಬರೆದಿಟ್ಟ ಒಂದು ವಾಕ್ಯವೂ ಇಲ್ಲದೆ, ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಮಾತಿನಿಂದ ಮಾತನ್ನು ಎದುರಿಸಿ ಕೃಷ್ಣನನ್ನೂ ಕರ್ಣನನ್ನೂ ಪ್ರತ್ಯಕ್ಷಗೊಳಿಸುವ ಕರಾವಳಿಯ ತಾಳಮದ್ದಳೆಯ ಅರ್ಥಧಾರಿಗಳನ್ನು ಪಡೆದ ನಾಡು ಇದು. ಗಮಕಿಗಳನ್ನೂ ಹರಿದಾಸರನ್ನೂ ಪಡೆದ ನಾಡು. ಇವರೆಲ್ಲರೂ ಬಾನುಲಿಗೆ ಬಂದರು, ಸಂತೋಷ. ಧಾರವಾಡದಲ್ಲಿ 1950ರಲ್ಲಿಯೂ ಬೆಂಗಳೂರಿನಲ್ಲಿ 1955ರಲ್ಲಿಯೂ ಆಕಾಶವಾಣಿ ಕೇಂದ್ರಗಳು ಆರಂಭವಾದ ಮೇಲೆ ಕವಿಗಳೂ ನಾಟಕಕಾರರೂ ಬಂದರು. ಹಾಗಿದ್ದೂ ನಮ್ಮ ರೂಪಕವು, ನಾನು ಕೇಳಿಬಲ್ಲ ಮಟ್ಟಿಗೆ, ಒಂದು ಗಂಡುದನಿ ಒಂದು ಹೆಣ್ಣುದನಿ ಸರದಿಯ ಮೇಲೆ ಓದುವ, ನಡುವೆ ಕೊಳಲೋ ವೀಣೆಯೋ ಸುಳಿದುಹೋಗುವ, ಬರೆದ ಪ್ರಬಂಧವಾಗಿಯೇ ಹೆಚ್ಚಾಗಿ ಉಳಿಯಿತು. ಕುಂಬಾರನನ್ನು ಕುರಿತ ರೂಪಕದಲ್ಲಿ ಕುಂಬಾರಿಕೆಯ ಪ್ರಾಚೀನತೆಯೂ ಅದರ ಸೊಗಸೂ ವರ್ಣಿತವಾಗುತ್ತಿತ್ತು. ಕುಂಬಾರನ ತಿಗರಿಯ ಸದ್ದು, ಅವನ ಹೆಂಡತಿ ಅವನನ್ನು ಕರೆದ ಕೂಗು, ಆವಿಗೆಯ ಬೆಂಕಿಗೆ ಸೌದೆ ಸಾಲದಿದ್ದಾಗ ಅವನು ಆಡಿದ ಬೇಸರದ ಮಾತು ಅಪರೂಪವಾಗಿ ಕೇಳುತ್ತಿತ್ತು. ಇದಕ್ಕೆ ಕಾರ್ಯಕ್ರಮ ನಿರ್ವಾಹಕರನ್ನು ದೂಷಿಸುವುದು ನ್ಯಾಯವಲ್ಲ. ಹೊರಗೆ ಕೊಂಡೊಯ್ಯುವ ಯಂತ್ರಗಳು ಬೆರಳೆಣಿಕೆಯವು. ಟೇಪು ದುಬಾರಿಯಾಗಿದ್ದುದರಿಂದ ಹಳೆಯ ಮುದ್ರಣವನ್ನು ಅಳಿಸಿ ಅದನ್ನೇ ಮರುಬಳಸುವುದು ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿಯೂ ಇದ್ದ ರೂಢಿ. ದಿನವೂ ತುಂಬಬೇಕಾದ ಗಂಟೆಗಳೋ ಅನೇಕ. ನಲವತ್ತು ಗಂಟೆ ಮುದ್ರಿಸಿಕೊಂಡು ಒಂದು ಗಂಟೆಯನ್ನು ಕಡೆಯುವ ಅವಕಾಶವನ್ನು ಅವರಿಗೆ ಕೊಟ್ಟವರಾದರೂ ಯಾರು?

ಶ್ರಮಜೀವಿಯ ದನಿ ನಮ್ಮ ಕಡೆ ಬಂದುದು ಬೇರೆ ಬಾಗಿಲಿನಿಂದ. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತ ಬಳಿಕ, ಖಾಸಗಿ ಎಫ್ಎಂ 2001ರಲ್ಲಿ ಬೆಂಗಳೂರಿನಿಂದಲೇ ಮೊದಲಾಯಿತು. ಚಿತ್ರಗೀತೆ ಮತ್ತು ವಿನೋದದ ಮಾತುಗಳಾಚೆಗೆ ಅದು ಹೆಚ್ಚೇನನ್ನೂ ಬಯಸಲಿಲ್ಲವಾದ್ದರಿಂದ ನಾನೂ ಅದನ್ನು ಇಲ್ಲಿಯೇ ಬಿಡುತ್ತೇನೆ. ಅದೇ ಸುಮಾರಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಪ್ರಸಾರವು, ಗಾಳಿಯಲ್ಲಿ ಪ್ರಸಾರ ಮಾಡಲು ಹಳ್ಳಿಗರಿಗೆ ಇನ್ನೂ ಅನುಮತಿಯಿಲ್ಲದಿದ್ದ ದಿನಗಳಲ್ಲಿ, ಕೇಬಲ್ ತಂತಿಯ ಮೂಲಕ ಊರವರದೇ ಕಾರ್ಯಕ್ರಮಗಳನ್ನು ಊರವರ ಮನೆಗಳಿಗೆ ಮುಟ್ಟಿಸಿತು. ಬೀದರಿಗೆ ನೆರೆಯಾದ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ 2008ರಲ್ಲಿ ಆರಂಭವಾದ ಸಂಘಂ ರೇಡಿಯೋವನ್ನು ನಡೆಯಿಸುತ್ತ ಬಂದವರು ದಲಿತ ಮಹಿಳೆಯರು. ಬೀಜ, ಬೆಳೆ, ಹಾಡು, ಕಷ್ಟಸುಖಗಳನ್ನು ಅವರೇ ಮುದ್ರಿಸಿ ಅವರೇ ಕೇಳಿಸುತ್ತಾರೆ. ಮೆಕಾಲ್‌ರಂಥವರು ಕಾರ್ಮಿಕನ ಬಳಿಗೆ ಯಂತ್ರವನ್ನು ಕೊಂಡೊಯ್ದರು. ಇಲ್ಲಿ ಯಂತ್ರವೇ ದುಡಿಯುವವಳ ಕೈಗೆ ಬಂದಿತು. ಇದಕ್ಕಿಂತ ಮಿಗಿಲಾದ ನ್ಯಾಯ ಈ ಕಲೆಯ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ಈಗಿನ ಹಂತವನ್ನು ನೋಡೋಣ. 2014ರಲ್ಲಿ ಅಮೆರಿಕದಲ್ಲಿ ‘ಸೀರಿಯಲ್’ ಎಂಬ ಪಾಡ್‌ಕಾಸ್ಟು, 1999ರ ಕೊಲೆಯೊಂದರ ವಿಚಾರಣೆಯನ್ನು ಕಂತುಕಂತಾಗಿ ಮರುಶೋಧಿಸುತ್ತ ಹೋಗಿ ಕೋಟ್ಯಂತರ ಬಾರಿ ಕೇಳಲ್ಪಟ್ಟಿತು. ಅಲ್ಲಿ ಕೊಲೆಯ ರಹಸ್ಯದಷ್ಟೇ ಕೇಳುಗರನ್ನು ಹಿಡಿದು ನಿಲ್ಲಿಸಿದುದು ನಿರೂಪಕಿ ಸಾರಾ ಕೋನಿಗ್ ಅವರ ಸ್ವಂತ ಸಂಶಯ, ನಂಬಿಕೆ, ಮತ್ತೆ ಸಂಶಯ. ಕಿವಿಯೊಳಗೇ ಇಟ್ಟುಕೊಂಡ ಇಯರ್‌ಫೋನಿಗೆ ಇಂಥ ಆಪ್ತವಾದ ದನಿಯೇ ಒಪ್ಪುತ್ತದೆ. ಈ ಹಂತದ ಲಾಭಗಳನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಅರ್ಧ ಗಂಟೆಯ ಚೌಕಟ್ಟು ಮುರಿಯಿತು. ಕಥೆಗೆ ಬೇಕಾದಷ್ಟು ಕಾಲ ಕಥೆಗೆ ದೊರೆಯಿತು. ಕೇಳಿದ್ದನ್ನು ಮತ್ತೆ ಕೇಳಬಹುದು. ದುಬೈಯಲ್ಲಿಯೋ ಡಲ್ಲಾಸಿನಲ್ಲಿಯೋ ಇರುವ ಕನ್ನಡಿಗನು ತನಗೆ ಬಿಡುವಾದ ಹೊತ್ತಿನಲ್ಲಿ ಕನ್ನಡವನ್ನು ಕೇಳಬಹುದು. ಯಾವ ನಿಲಯದ ಅನುಮತಿಯೂ ಇಲ್ಲದೆ ತರುಣನೊಬ್ಬನು ತನ್ನ ಕಾರ್ಯಕ್ರಮವನ್ನು ಲೋಕಕ್ಕೆ ಒಪ್ಪಿಸಬಹುದು.

ಆದರೆ ನಮ್ಮ ಭಾಷೆಯ ಪಾಡ್‌ಕಾಸ್ಟುಗಳಲ್ಲಿ ಹೆಚ್ಚಿನವು ಒಂದು ಕೊಠಡಿಯಲ್ಲಿ ಇಬ್ಬರು ಮೂವರು ಕುಳಿತು ಆಡುವ ಹರಟೆಯಾಗಿಯೋ ಸಂದರ್ಶನವಾಗಿಯೋ ಇರುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಹರಟೆ ಹೀನವಲ್ಲ, ಅವುಗಳಲ್ಲಿ ವಿದ್ವತ್ತೂ ಸ್ವಾರಸ್ಯವೂ ಉಳ್ಳವು ಹಲವುಂಟು. ಮಾತನಾಡುವುದಕ್ಕೆ ಖರ್ಚು ಕಡಮೆ, ಹೊರಟು ಹೋಗಿ ಕೇಳುವುದಕ್ಕೆ ಖರ್ಚು ಹೆಚ್ಚು. ಆದುದರಿಂದ ಹರಟೆ ಬೆಳೆದು ರೂಪಕ ಸೊರಗುತ್ತಿದೆ. ಮೊದಲು ಲೇಖಕನ ಕೋಣೆಯಲ್ಲಿದ್ದ ಮಾತು ಈಗ ನಿರೂಪಕನ ಕೋಣೆಗೆ ಬಂದಿದೆ. ಎರಡು ಕೋಣೆಗಳ ನಡುವಣ ಬೀದಿಗೆ, ಹೊಲಕ್ಕೆ, ಕಾರ್ಖಾನೆಗೆ ಕನ್ನಡದ ಮೈಕು ಕಾಲಿಟ್ಟುದು ಅಲ್ಪ. ಇದರ ಜೊತೆಗೆ, ಬದುಕಿರುವ ಅಥವಾ ತೀರಿಕೊಂಡ ಯಾರ ದನಿಯನ್ನು ಬೇಕಾದರೂ ಯಂತ್ರವೇ ಹುಟ್ಟಿಸಿ ಆಡಿಸಬಲ್ಲ ಕಾಲವೂ ಬಂದಿದೆ. ಆ್ಯಕ್ಸನ್ನನ ವಿಧವೆಯ ಮಾತು ನಮ್ಮನ್ನು ಕಲಕುವುದು ಆ ಮಾತನ್ನು ಆಕೆಯೇ ಆಡಿದಳೆಂಬ ವಿಶ್ವಾಸದಿಂದ. ಆ ವಿಶ್ವಾಸವೊಂದು ತಪ್ಪಿದರೆ ಸಾಕ್ಷ್ಯರೂಪಕವು ಬರಿಯ ಅಲಂಕಾರವಾದೀತು. ಆದಕಾರಣ ಸ್ಥಳಕ್ಕೆ ಹೋಗಿ, ಮುಖ ಕಂಡು, ಅನುಮತಿ ಪಡೆದು, ಸುತ್ತಣ ಸದ್ದಿನೊಡನೆಯೇ ಮುದ್ರಿಸಿಕೊಂಡ ಮಾತಿಗೆ ಹಿಂದೆಂದಿಗಿಂತ ಇಂದು ಬೆಲೆ ಹೆಚ್ಚು.

ಅಂಥ ಕೆಲಸ ನಮ್ಮಲ್ಲಿ ಎಷ್ಟು ಬಾಕಿಯಿದೆಯೆಂಬುದಕ್ಕೆ ಒಂದೇ ಸ್ಥಳವನ್ನು ಹೆಸರಿಸುತ್ತೇನೆ. ಬೂದಿಕೋಟೆಗೆ ಸಮೀಪದ ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದುವು. ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದು, ಬಂಡೆಯ ಶಾಖದಲ್ಲಿ ದುಡಿದು, ಬಂಡೆ ಸಿಡಿಯುವ ಭಯವನ್ನು ಪ್ರತಿದಿನವೂ ಅನುಭವಿಸಿದ ಜನ ಅಲ್ಲಿ ಇನ್ನೂ ಇದ್ದಾರೆ. ಎಪ್ಪತ್ತರ ದಶಕದಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಪ್ಪತ್ತರ ಆಸುಪಾಸಿನ ವಯಸ್ಸು. ಅವರಲ್ಲಿ ಬಹುಮಂದಿಯ ಮನೆಮಾತು ತಮಿಳು. ಕೆಲವರದು ತೆಲುಗು, ಕೆಲವರದು ಕನ್ನಡ. ಕನ್ನಡದ ಬಾನುಲಿಯು ಅವರ ತಮಿಳನ್ನು ತಮಿಳಾಗಿಯೇ ಕೇಳಿಸಿ, ಪಕ್ಕದಲ್ಲಿ ಕನ್ನಡದ ದನಿಯೊಂದನ್ನು ಮೆಲ್ಲನೆ ನಡೆಯಿಸಬೇಕು. ಇಳಕಲ್ಲಿನ ಮಗ್ಗದವರ, ಮಲೆನಾಡಿನಲ್ಲಿ ಅಡಕೆಮರ ಹತ್ತುವ ಕೊನೆಗಾರರ ದನಿಯೂ ಹೀಗೆಯೇ ಮುದ್ರಿತವಾಗಬೇಕು.

ಈ ಕೊರತೆಯನ್ನು ತುಂಬಿಕೊಳ್ಳಬೇಕಾದರೆ, ಆಕಾಶವಾಣಿಯ ನಿಲಯಗಳಲ್ಲಿರುವ ಹಳೆಯ ಧ್ವನಿಮುದ್ರಿಕೆಗಳು ಸಾರ್ವಜನಿಕರಿಗೆ ಸುಲಭವಾಗಿ ದೊರೆಯುವಂತಾಗಬೇಕು. ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ವಿದ್ಯಾರ್ಥಿಗೆ ಮಾತನಾಡುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಆಲಿಸುವುದನ್ನೂ ಸಂಕಲನವನ್ನೂ ಕಲಿಸಬೇಕು. ಈ ಎರಡು ಬೇಡಿಕೆಗಳೊಡನೆ ಮೂರನೆಯದೊಂದನ್ನು ಈ ಸಭೆಯ ಮುಂದೆಯೇ ಇಡುತ್ತೇನೆ. ಕನ್ನಡನಾಡಿನಲ್ಲಿ ಉಪನ್ಯಾಸಕ್ಕೆ ದತ್ತಿಗಳಿವೆ, ಕಾವ್ಯಕ್ಕೆ, ಕಥಾಸಂಕಲನಕ್ಕೆ, ಸಂಶೋಧನೆಗೆ ದತ್ತಿಗಳಿವೆ. ವರ್ಷಕ್ಕೊಂದು ಸಾಕ್ಷ್ಯರೂಪಕವನ್ನು ನಿರ್ಮಿಸುವುದಕ್ಕಾಗಿ, ಒಬ್ಬ ತರುಣನಿಗೋ ತರುಣಿಗೋ ಒಂದು ವರ್ಷದ ಜೀವನವೆಚ್ಚವನ್ನೂ ಪ್ರಯಾಣದ ಖರ್ಚನ್ನೂ ಒಳ್ಳೆಯದೊಂದು ರೆಕಾರ್ಡರನ್ನೂ ಒದಗಿಸುವ ದತ್ತಿಯೊಂದನ್ನು, ಅನುಕೂಲವುಳ್ಳ ಮಹನೀಯರು ಈ ವರ್ಷವೇ ಸ್ಥಾಪಿಸಬೇಕೆಂದು ಕೈಮುಗಿದು ಬೇಡುತ್ತೇನೆ.